ಒಂಬತ್ತು ಜ್ವರ

ಶುಕ್ರವಾರ ಸಂಜೆ ನಾಲ್ಕರೊಳಗೆ ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳದಿದ್ದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಇಡೀ ವರ್ಷ ಮಣ್ಣುಪಾಲು. ಬರೆಯದೆ ಉಳಿದಿದ್ದದ್ದು ಒಂದಲ್ಲ ಎರಡಲ್ಲ, ಒಂಬತ್ತು ಪ್ರಯೋಗ. ಇಷ್ಟೆಲ್ಲ ಗೊತ್ತಿದ್ದೂ ಗುರುವಾರ ಬೆಳಗ್ಗೆ ಎರಡು ಗಂಟೆ ಹೊತ್ತು ಈ ಹುಡುಗಿ ಮಾಡಿದ್ದೇನು? ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಮೇಲೆ ಹೆಸರಿನ ಚೀಟಿ ಅಂಟಿಸಿ, ಸೊಟ್ಟಗಾಯಿತೆಂದು ಕಿತ್ತು, ಮತ್ತೆ ಅಂಟಿಸಿದ್ದು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಿದ್ದೀಯಲ್ಲೇ!" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ತಂಗಿಯ ರೆಕಾರ್ಡ್ ಮುಗಿಸಲೆಂದೇ ಕೆಲಸಕ್ಕೆ ಎರಡು ದಿನ ರಜೆ ಹಾಕಿ ಎದುರು ಕುರ್ಚಿಯಲ್ಲಿ ಕಾವಲು ಕೂತಿದ್ದಳು. ಏನು ಹೇಳಿದರೂ "ನಾಳೆ ಮಾಡ್ತೀನಿ" ಎನ್ನುವ ತಂಗಿಗೆ ನಾಳೆಮ್ಮ ಎಂದು ಹೆಸರಿಟ್ಟವಳೂ ಅವಳೇ.

ನಾಳೆಮ್ಮನಿಗೆ ತನ್ನ ಮೇಲೆ ತನಗೇ ರೇಗುತ್ತಿತ್ತು. ಬೇರಿನ ಅಡ್ಡಸೀಳಿಕೆಯ ಚಿತ್ರದಲ್ಲಿ ಜೀವಕೋಶಗಳನ್ನು ಒಂದೊಂದಾಗಿ ಪೆನ್ಸಿಲಿನಲ್ಲಿ ಬಿಡಿಸಬೇಕು. ಹತ್ತು ಬಿಡಿಸುವಷ್ಟರಲ್ಲಿ ಕಣ್ಣು ತುಂಬಿ ಹಾಳೆ ಒದ್ದೆ. ಯಾಕೆ ಅಂದರೆ ಯಾಕೂ ಇಲ್ಲ. ಅಳುವುದಕ್ಕೊಂದು ಕಾರಣವಾದರೂ ಬೇಡವೇ, ಹಾಳಾದ್ದು! ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆ ಕೆಲಸ ಮಾಡಲು ಇನ್ನೂ ಮೂರು ವಾರ ಬೇಕಂತೆ. ಅಕ್ಕ ಅದನ್ನು ಶಕ್ತಿ ಮಾತ್ರೆ ಎಂದೇ ಕರೆಯುತ್ತಿದ್ದಳು.

ಅಂತೂ ಇಂತೂ ಶುಕ್ರವಾರ ಮಧ್ಯಾಹ್ನ ಒಂಬತ್ತೂ ಮುಗಿದವು. ಉಳಿದದ್ದು ಪ್ರತಿ ಪ್ರಯೋಗದ ಕೆಳಗೆ 'ತಡವಾದ ಕಾರಣ' ಎಂಬ ಒಂದು ಸಾಲು.

"ಇಲ್ಲೇನು ಬರೀಲಿ?"

"ಆವತ್ತೆಲ್ಲ ಏನಾಗಿತ್ತು ನಿಂಗೆ?"

"ಏಳೋಕಾಗ್ಲಿಲ್ಲ, ಅಕ್ಕಾ. ಎಚ್ಚರ ಆಗಿರ್ತಿತ್ತು, ಏಳೋಕೆ ಮಾತ್ರ ಆಗ್ತಿರ್ಲಿಲ್ಲ."

"ಚೆನ್ನಾಗಿದೆ! ಹಾಗಂತ ಬರೆದ್ರೆ ಪುಸ್ತಕ ಮುಖಕ್ಕೆ ಎಸೀತಾರೆ. ಜ್ವರ ಅಂತ ಬರಿ, ಮುಗೀತು."

ಒಂಬತ್ತು ಕಡೆ ಜ್ವರ ಬಿತ್ತು.

ಲ್ಯಾಬಿನಲ್ಲಿ ಮೇಡಂ ಗಾಜಿನ ಸ್ಲೈಡುಗಳನ್ನು ಬಟ್ಟೆಯಿಂದ ಒರೆಸಿ ಡಬ್ಬಿಗೆ ಜೋಡಿಸುತ್ತಿದ್ದರು. ಚಿತ್ರಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಕೆಳಗಿನ ಸಾಲು ಕಣ್ಣಿಗೆ ಬಿತ್ತು.

"ಜ್ವರ. ಜ್ವರ. ಮತ್ತೆ ಜ್ವರ. ಒಂದೇ ಸೆಮಿಸ್ಟರಲ್ಲಿ ಒಂಬತ್ತು ಸಲ! ನನ್ನ ಕಿವಿ ಮೇಲೆ ಹೂ ಇಡ್ತೀಯೇನಮ್ಮಾ?" ಪುಸ್ತಕ ಮುಚ್ಚಿ ಇತ್ತ ತಳ್ಳಿದರು. "ಸುಳ್ಳಿಗೆ ನಾನು ಸಹಿ ಹಾಕಲ್ಲ."

ಗಡಿಯಾರದಲ್ಲಿ ಮೂರೂಮುಕ್ಕಾಲು.

"ಮೇಡಂ, ನಿಜವಾಗ್ಲೂ ಇವಳಿಗೆ..." ಎಂದು ಅಕ್ಕ ಬಾಗಿಲಿಂದ ರಾಗ ತೆಗೆದಳು.

"ನೀವು ಸುಮ್ನಿರಿ. ಅವಳು ಹೇಳ್ಲಿ."

ನಾಳೆಮ್ಮನ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. "ಏನಂತ ಹೇಳ್ಲಿ ಮೇಡಂ? ಕೈಕಾಲು ನೆಟ್ಟಗಿದ್ವು, ಮೈ ಸುಡ್ತಿರ್ಲಿಲ್ಲ, ಆದ್ರೂ ಹಾಸಿಗೆ ಬಿಟ್ಟು ಏಳೋಕಾಗ್ಲಿಲ್ಲ. ಹಲ್ಲುಜ್ಜೋಕಾಗ್ಲಿಲ್ಲ. ಮಾತ್ರೆ ತಗೋತಿದ್ದೀನಿ. ಇದನ್ನ ಬರೆದ್ರೆ ಸೋಮಾರಿ ಅಂತಾರೆ, ಜ್ವರ ಅಂತ ಬರೆದ್ರೆ ಸುಳ್ಳುಬುರುಕಿ ಅಂತಾರೆ. ಯಾವುದಾದ್ರೂ ಒಂದು ಅನ್ನಿ, ನಂಗೂ ಸಾಕಾಗಿದೆ!"

ಮೇಡಂ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. ತಮ್ಮ ಪೆನ್ನು ಮುಂದೆ ಚಾಚಿದರು.

"ಜ್ವರ ಹೊಡೆದು ಹಾಕು. ಈಗ ಹೇಳಿದ್ದನ್ನ ಬರಿ."

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಬರೆದಳು. 'ಖಿನ್ನತೆ. ಏಳಲು ಆಗಲಿಲ್ಲ.' ಎಂಟು ಸಲ. ಒಂಬತ್ತನೆಯದರ ಹತ್ತಿರ ಪೆನ್ನು ನಿಂತಿತು.

"ಮತ್ತೇನು?"

"ಇದೊಂದು... ನಿಜವಾಗ್ಲೂ ಜ್ವರ, ಮೇಡಂ."

ಮೇಡಂ ಬೇಡ ಬೇಡವೆಂದರೂ ನಕ್ಕುಬಿಟ್ಟರು. ನಾಲ್ಕಕ್ಕೆ ಮೂರು ನಿಮಿಷ ಇರುವಾಗ ಒಂಬತ್ತನೆಯ ಸಹಿ ಬಿತ್ತು.

ಹೊರಗೆ ಮೆಟ್ಟಿಲಿಳಿಯುವಾಗ ಅಕ್ಕನ ಮೂಗಿನ ತುದಿ ಕೆಂಪಾಗಿತ್ತು. ಸಿಟ್ಟೋ ಅಳುವೋ ಅವಳಿಗೇ ಗೊತ್ತಿರಲಿಲ್ಲ. "ಯಾರೋ ಮೇಡಂ ಮುಂದೆ ಅಷ್ಟೆಲ್ಲ ಹೇಳ್ತೀಯ. ಒಡಹುಟ್ಟಿದವಳು ನಾನು, ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಮಧ್ಯಾಹ್ನ ಹೇಳಿದ್ನಲ್ಲಕ್ಕಾ," ಎಂದಳು ತಂಗಿ. "ನೀನು ಜ್ವರ ಅಂತ ಬರಿ ಅಂದೆ."

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.