ದೇವರು ಕಲಶದಲ್ಲಿದ್ದ ಹೊತ್ತು

“ಚಪ್ಪಲಿ ಬಿಟ್ಬಿಟ್ರೆ ಆಯ್ತು ಅಂದ್ಕೊಂಡ್ಯೇನೋ ಬೋಳಿಮಗನೆ? ಚಪ್ಪಲಿ ಒಳಗೆ ಬಂದ್ರೆ ನೆಲ ತೊಳೀಬಹುದು. ನೀನು ಬಂದ್ರೆ ಏನ್ ತೊಳೆಯೋದು? ನಿಲ್ಲು ಅಲ್ಲೇ!”

ಮಂದಿರದ ಹಿಂದಿನ ಗೇಟಿನ ಕಾವಲುಗಾರ ಕೋಲಿನ ತುದಿಯನ್ನು ಕುಳ್ಳನ ಎದೆಗೆ ಒತ್ತಿ ಎರಡು ಹೆಜ್ಜೆ ಹಿಂದಕ್ಕೆ ತಳ್ಳಿದ. ಕೈಯಲ್ಲೇ ತಳ್ಳಬಹುದಾದಷ್ಟು ಹತ್ತಿರವಿದ್ದ. ಆದರೆ ಕಾವಲುಗಾರನಿಗೆ ಬೆಳಗಿನ ಸ್ನಾನ ಆಗಿತ್ತು.

“ನಾನಾಗಿ ಬಂದಿಲ್ಲಣ್ಣ. ಕಾರ್ಯದರ್ಶಿ ಸಾಹೇಬ್ರೇ ಫೋನ್ ಮಾಡಿದ್ರು.”

“ಮಾಡಿರ್ತಾರೆ. ಕಕ್ಕಸು ಕಟ್ಕೊಂಡ್ರೆ ನಿನಗಲ್ದೆ ಮಂತ್ರಿಗೆ ಮಾಡ್ತಾರಾ?”

“ಕಕ್ಕಸಲ್ಲ. ದೇವರ ಮೋರಿಯಂತೆ.”

ಕಾವಲುಗಾರ ಗೇಟಿನಿಂದ ಪಕ್ಕಕ್ಕೆ ಸರಿದ. ಕೋಲು ಮಾತ್ರ ಇನ್ನೂ ಸ್ವಲ್ಪ ಹೊತ್ತು ಎದೆಯ ಮೇಲೇ ಇತ್ತು.

ಕುಳ್ಳನಿಗೆ ನಲವತ್ತೆರಡು ವರ್ಷ, ನಾಲ್ಕು ಅಡಿ ಹತ್ತು ಅಂಗುಲ. ಚರಂಡಿ ಗುಂಡಿಗಳ ಬಾಯಿ ಎರಡು ಅಡಿ ಇರುವುದರಿಂದ ಅವನ ಕಸುಬಿನಲ್ಲಿ ಇದು ಒಳ್ಳೆಯ ಅಳತೆ. ಹೆಗಲ ಮೇಲೆ ಬಿದಿರಿನ ಸೀಳುಗಳ ಕಟ್ಟು, ಕೈಯಲ್ಲಿ ಕಬ್ಬಿಣದ ಕೊಕ್ಕೆ, ಒಂದು ಬಕೆಟ್ಟು, ಎರಡು ಗೋಣಿಚೀಲ. ಅವನ ತಮ್ಮ ಅವನಿಗಿಂತ ಒಂದು ತಲೆ ಎತ್ತರವಿದ್ದ. ಮನೆಗೆ ಕೊನೆಯವನಾದ್ದರಿಂದ ಮೀಸೆ ಬಂದ ಮೇಲೂ ಎಲ್ಲರಿಗೂ ಅವನು ‘ಮರಿ’ಯೇ. ಇಪ್ಪತ್ತಾರು ದಿನದ ಹಿಂದೆ, ಒಂದು ಮಂಗಳವಾರ, ಈ ಗೇಟಿನಿಂದ ಹದಿನೈದು ಹೆಜ್ಜೆ ದೂರದ ಗುಂಡಿಯಲ್ಲಿ ಮರಿ ಸತ್ತ.

ಗರ್ಭಗುಡಿಯಲ್ಲಿ ದೇವರಿಗೆ ಹಾಲು, ತುಪ್ಪ, ಜೇನು ಸುರಿದದ್ದೆಲ್ಲ ಒಂದು ಕೊಳವೆಯಲ್ಲಿ ಹರಿದು ಆ ಗುಂಡಿಗೆ ಬಂದು ಬೀಳುತ್ತದೆ. ಹನ್ನೊಂದು ಅಡಿ ಆಳ. ಮೇಲೆ ಸಿಮೆಂಟಿನ ಚಪ್ಪಡಿ. ಒಳಗೆ ಹಾಲೂ ಹೂವೂ ಕೊಳೆತು ಗಾಳಿ ವಿಷವಾಗುತ್ತದೆ. ಮಂದಿರದವರು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಮೂರು ಸಂಗತಿಗಳಿದ್ದವು: ಸತ್ತವನು ಹೊರಗಿನವನು, ಕುಡಿದಿದ್ದ, ಗೋಡೆ ಹಾರಿ ಬಂದು ಗುಂಡಿಗೆ ಬಿದ್ದ. ಚಪ್ಪಡಿ ಎತ್ತಲು ಇಬ್ಬರು ಬೇಕು. ಅದನ್ನು ಯಾರು ಎತ್ತಿದರು ಎಂದು ಹೇಳಿಕೆಯಲ್ಲಿ ಇರಲಿಲ್ಲ. ಪೊಲೀಸರೂ ಕೇಳಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ಅವ್ವ ಮಂದಿರದ ಕಚೇರಿಗೆ ಹೋಗಿದ್ದಳು. ಕಿಟಕಿಯ ಹೊರಗೆ ನಿಂತಳು. ಒಳಗೆ ಕಾರ್ಯದರ್ಶಿ ಕುರ್ಚಿಯಿಂದ ಏಳಲಿಲ್ಲ. ದನಿಯನ್ನು ಮಾತ್ರ ಮೆತ್ತಗೆ ಮಾಡಿಕೊಂಡ.

“ನೋಡಮ್ಮ, ದುಃಖ ಆಗತ್ತೆ, ಒಪ್ತೀನಿ. ಆದ್ರೆ ಎಲ್ಲಾ ಅವರವರ ಕರ್ಮ. ಹೋದ ಜನ್ಮದಲ್ಲಿ ಏನೋ ಮಾಡಿರ್ತಾನೆ, ಈ ಜನ್ಮದಲ್ಲಿ ತೀರ್ತು. ಮುಂದಿನ ಜನ್ಮ ಒಳ್ಳೇದಿರತ್ತೆ ಅವನಿಗೆ.”

“ಹೋದ ಜನ್ಮದ್ದೆಲ್ಲಾ ನೆಪ್ಪೈತಾ ಸಾಮಿ ನಿಮಗೆ?”

“ಶಾಸ್ತ್ರ ಹೇಳತ್ತಮ್ಮ.”

“ಹೋದ ಜನ್ಮದ್ದು ನೆಪ್ಪೈತೆ, ಹೋದ ಮಂಗಳವಾರ ನನ್ನ ಮಗನಿಗೆ ಫೋನ್ ಮಾಡಿದ್ಯಾರು ಅನ್ನೋದು ನೆಪ್ಪಿಲ್ವಾ? ಅನ್ನದ ತಟ್ಟೆ ಮುಂದೆ ಕೂತಿದ್ದ. ಎದ್ದು ಬಂದ.”

ಕಾರ್ಯದರ್ಶಿ ಕಿಟಕಿ ಮುಚ್ಚಿದ.

ಇವತ್ತು ಬೆಳಿಗ್ಗೆ ಅದೇ ಮನುಷ್ಯನ ಫೋನು ಬಂದಾಗ ಕುಳ್ಳ, “ಇವರಪ್ಪನ, ನಾನ್ ಹೋಗಲ್ಲ” ಎಂದಿದ್ದ. ಅವ್ವ ಒಲೆಯ ಮುಂದಿನಿಂದ ತಲೆ ಎತ್ತದೆ ಹೇಳಿದಳು: “ಹೋಗು. ಆದ್ರೆ ಬರಿಗೈಲಿ ಬರಬ್ಯಾಡ. ‘ನಾವೇ ಕರೆಸಿದ್ವಿ, ಕೆಲಸ ಮಾಡ್ತಾ ಸತ್ತ.’ ಅಷ್ಟೇ, ಒಂದು ಸಾಲು. ಬರೆಸ್ಕೊಂಡು ಬಾ. ನನ್ನ ಮಗ ಕುಡಿದು ಗೋಡೆ ಹಾರಿದ ಅಂತ ಕಾಗದದಲ್ಲಿ ಇರೋ ತನಕ ಅವನು ಸತ್ತಿಲ್ಲ ಕಣೋ, ದಿನಾ ಸಾಯ್ತಾ ಅವ್ನೆ.”

ಕುಳ್ಳ ಮೊದಲೇ ಚಪ್ಪಡಿ ಸರಿಸಿಟ್ಟಿದ್ದ ಆ ಗುಂಡಿಯ ಪಕ್ಕ ಮೊಣಕಾಲೂರಿ, ಕೊಳವೆಯ ಬಾಯಿಯಿಂದ ಒಳಮುಖವಾಗಿ ಬಿದಿರು ತುರುಕಿದ. ಒಂದಕ್ಕೊಂದು ಕಟ್ಟಿ ತಳ್ಳುತ್ತ ಹೋದ. ಇಪ್ಪತ್ತೆರಡು ಅಡಿಗೆ ಬಿದಿರು ನಿಂತಿತು. ತಿರುವಿದ, ಕುಟ್ಟಿದ. ತುದಿ ಮೆತ್ತಗಿನದೇನಕ್ಕೋ ಹೊಕ್ಕು ಅಲ್ಲೇ ಸಿಕ್ಕಿಕೊಂಡಿತು.

ಪಕ್ಕದ ಸಭಾಂಗಣದಿಂದ ಧ್ವನಿವರ್ಧಕ ಕೇಳುತ್ತಿತ್ತು. ನಿವೃತ್ತ ಮೇಷ್ಟ್ರೊಬ್ಬರು ಅಲ್ಲಿ ಧರ್ಮದ ಮೂಲಪಾಠ ನಡೆಸುತ್ತಿದ್ದರು. ಹತ್ತು ದಿನ, ದಿನಕ್ಕೊಂದು ಪಾಠ. ಆತ್ಮ, ಕರ್ಮ, ಪುನರ್ಜನ್ಮ ಆಗಿ ಇವತ್ತು ದೇವರ ಸರದಿ.

“ದೇವರು ಎಲ್ಲೆಲ್ಲೂ ಇದಾನೆ ಅಂದ್ಮೇಲೆ ಗುಡಿ ಯಾಕೆ, ಮೂರ್ತಿ ಯಾಕೆ ಅಂತ ಕೇಳ್ತೀರಿ. ಒಳ್ಳೆ ಪ್ರಶ್ನೆ. ಗಾಳಿ ಎಲ್ಲೆಲ್ಲೂ ಇದೆ. ಇದೆ ತಾನೆ? ಆದ್ರೆ ಫ್ಯಾನಿನ ಕೆಳಗೆ ಕೂತವನಿಗೆ ಚೆನ್ನಾಗಿ ಗೊತ್ತಾಗತ್ತೆ!”

ಸಭೆ ನಕ್ಕಿತು. ಕುಳ್ಳ ಬಿದಿರನ್ನು ಹಿಂದಕ್ಕೆಳೆದ. ಗಾಳಿ ಎಲ್ಲೆಲ್ಲೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮರಿ ಇಳಿದ ಕಡೆ ಇರಲಿಲ್ಲ.

“ಏನಾಯ್ತೋ?” ಕಾರ್ಯದರ್ಶಿ ಮೂಗಿಗೆ ಕರವಸ್ತ್ರ ಹಿಡಿದು ಜಗಲಿಯ ಮೇಲೆ ನಿಂತಿದ್ದ.

“ಇಲ್ಲಿಂದ ಆಗಲ್ಲ ಸಾಹೇಬ್ರೇ. ಕಟ್ಕೊಂಡಿರೋದು ದೇವರ ಪೀಠದ ಕೆಳಗೆ, ಕೊಳವೆ ಬಾಗೋ ಕಡೆ. ಒಳಗಿಂದ ಕೈ ಹಾಕ್ಬೇಕು.”

“ಒಳಗಿಂದ ಅಂದ್ರೆ?”

“ಗರ್ಭಗುಡಿ ಒಳಗಿಂದ.”

ಕಾರ್ಯದರ್ಶಿ ಕರವಸ್ತ್ರ ತೆಗೆದ. ಮೈಯೆಲ್ಲ ಕೊಳಕಾದವನನ್ನು ಅವನು ಮೊದಲ ಸಲ ಮುಖವಿಟ್ಟು ನೋಡಿದ. ಹನ್ನೊಂದೂವರೆಗೆ ದೊಡ್ಡ ದಾನಿಯೊಬ್ಬ ನೂರೆಂಟು ಕೊಡ ಹಾಲಿನ ಅಭಿಷೇಕಕ್ಕೆ ಬರುವವನಿದ್ದ. ಹಾಲು ಆಗಲೇ ಬಂದು ಸಾಲಾಗಿ ಕೂತಿತ್ತು. ಗರ್ಭಗುಡಿಯಲ್ಲಿ ನಿನ್ನೆಯ ಹಾಲೇ ಕಣಕಾಲಿನವರೆಗೆ ನಿಂತು ಹುಳಿಯ ವಾಸನೆ ಹೊಡೆಯುತ್ತಿತ್ತು. ಈಗ ಹತ್ತು ಇಪ್ಪತ್ತು.

“ಭಟ್ರೇ, ನೀವೇ ಕೈ ಹಾಕಿ ಅಂದ್ರೆ...” ಎಂದು ಪಕ್ಕದಲ್ಲಿದ್ದ ಅರ್ಚಕನ ಕಡೆ ತಿರುಗಿದ.

“ನಾನಾ?” ಅರ್ಚಕ ಬೆಚ್ಚಿದ. “ಮೋರಿಗೆ ಕೈ ಹಾಕಿದ ಮೇಲೆ ದೇವರನ್ನ ಮುಟ್ಟೋದು ಹ್ಯಾಗೆ ಸಾರ್? ಸಹಾಯಕನೂ ಇಲ್ಲ, ಅವನ ಮನೇಲಿ ಸೂತಕ.”

“ಹಾಗಾದ್ರೆ ಇವನು ಒಳಗೆ ಹೋಗೋಕೆ ಶಾಸ್ತ್ರದಲ್ಲಿ ಏನಾದ್ರೂ ದಾರಿ ಇದ್ಯಾ?”

ದಾರಿ ಇತ್ತು. ಗರ್ಭಗುಡಿಯ ರಿಪೇರಿ ಬಂದಾಗ ಮೂರ್ತಿಯಲ್ಲಿರುವ ದೇವರನ್ನು ಮಂತ್ರ ಹೇಳಿ ಕಲಶದ ನೀರಿಗೆ ಇಳಿಸಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೆ ಮೂರ್ತಿಗೆ ಏರಿಸುತ್ತಾರೆ. ನಡುವಿನ ಹೊತ್ತಿನಲ್ಲಿ ಕಲಶಕ್ಕೆ ಬೇರೆ ಕೋಣೆಯಲ್ಲಿ ಪೀಠ ಮಾಡಿ, ಅಕ್ಕಿ ಹರವಿ, ಅದರ ಮೇಲೆ ಕೂರಿಸಬೇಕು. ಆ ಪೀಠದ ವಿಧಿಗೇ ಒಂದೂವರೆ ಗಂಟೆ.

“ಒಂದೂವರೆ ಗಂಟೆ ಎಲ್ಲಿಂದ ತರ್ಲಿ? ಪೀಠ ಬಿಡಿ. ಕೈಯಲ್ಲೇ ಹಿಡ್ಕೊಂಡಿರಿ.”

“ಒಂದ್ಸಲ ಎತ್ತಿದ ಮೇಲೆ ಎಲ್ಲಂದ್ರಲ್ಲಿ ಇಡೋ ಹಾಗಿಲ್ಲ ಸಾರ್. ಬೇರೆಯವರು ಮುಟ್ಟೋ ಹಾಗೂ ಇಲ್ಲ.”

“ಎಷ್ಟು ಹೊತ್ತಾಗತ್ತೋ ನಿನಗೆ?”

“ಅರ್ಧ ಗಂಟೆ” ಎಂದ ಕುಳ್ಳ. “ಅದಕ್ಕೆ ಮುಂಚೆ ಆ ಕಾಗದ ಸಾಹೇಬ್ರೇ. ಮರಿದು. ನೀವೇ ಕರೆಸಿದ್ದು ಅಂತ ಒಂದು ಸಾಲು.”

“ಕೆಲಸ ಮುಗಿಸು, ನೋಡೋಣ.”

“ಇವರು ಸಾಕ್ಷಿ?” ಕುಳ್ಳ ಅರ್ಚಕನ ಕಡೆ ತಿರುಗಿದ.

“ದೇವರೇ ಸಾಕ್ಷಿ ಕಣೋ, ನಡಿ!” ಎಂದ ಕಾರ್ಯದರ್ಶಿ.

ಹತ್ತು ನಲವತ್ತಕ್ಕೆ ಮಂತ್ರ ಶುರುವಾಯಿತು, ಐವತ್ತಕ್ಕೆ ಮುಗಿಯಿತು. ಅರ್ಚಕ ದರ್ಭೆಯ ತುದಿಯನ್ನು ಮೂರ್ತಿಗೆ ಮುಟ್ಟಿಸಿ, ಅದರ ಇನ್ನೊಂದು ತುದಿಯನ್ನು ಕಲಶದ ನೀರಿನಲ್ಲಿ ಅದ್ದಿ, ಏನೇನೋ ಹೇಳಿದ. ಮೂರ್ತಿಯ ಮೈಮೇಲಿನ ಒಡವೆ, ಬಟ್ಟೆ ತೆಗೆದು ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಆಮೇಲೆ ತೆಂಗಿನಕಾಯಿ ಇಟ್ಟ ತುಂಬಿದ ಕಲಶವನ್ನು ಎದೆಗೆ ಒತ್ತಿ ಹಿಡಿದು, ಹೊಸ್ತಿಲ ಮೇಲೆ ಬಂದು ನಿಂತ. ಮುಖದಲ್ಲಿ ಕೂಸು ಎತ್ತಿಕೊಂಡವನ ಎಚ್ಚರವಿತ್ತು.

“ಬಾ. ಈಗ ಅದು ಬರೀ ಕಲ್ಲು.”

“ದೇವರು?”

“ಇದರಲ್ಲಿದಾನೆ.”

“ಇಷ್ಟು ಸಣ್ಣ ಚೊಂಬಿನಲ್ಲಾ?”

“ಮಾತಾಡ್ಬೇಡ. ಹೋಗಿ ನಿನ್ನ ಕೆಲಸ ನೋಡು.”

ಎಂಟು ಅಡಿಗೆ ಎಂಟು ಅಡಿಯ ಕೋಣೆ. ಕಿಟಕಿ ಇಲ್ಲ. ಗೋಡೆಗಳು ಎಣ್ಣೆ ಹೊಗೆಗೆ ಕಪ್ಪಾಗಿದ್ದವು. ಕುಳ್ಳ ಹುಟ್ಟಿದಾಗಿನಿಂದ ಈ ಗೋಪುರವನ್ನು ರಸ್ತೆಯ ಆಚೆ ಬದಿಯಿಂದ ನೋಡಿದ್ದ. ಒಳಗೆ ಹೇಗಿರಬಹುದು ಎಂದು ಚಿಕ್ಕಂದಿನಲ್ಲಿ ಅವನೂ ಮರಿಯೂ ಪಂದ್ಯ ಕಟ್ಟಿ ಜಗಳವಾಡಿದ್ದುಂಟು. ಹೀಗಿತ್ತು. ಅವನು ಇಳಿದ ಗುಂಡಿಗಳಿಗಿಂತ ಸ್ವಲ್ಪ ದೊಡ್ಡದು.

ಅಂಗಿ ತೆಗೆದು, ಕೆಟ್ಟ ಹಾಲಿನಲ್ಲೇ ಹೊಟ್ಟೆ ಅಡಿಯಾಗಿ ಮಲಗಿದ. ಪೀಠದ ಎಡಕ್ಕೆ ತೂತು, ಅದರ ಮೇಲೆ ಹಿತ್ತಾಳೆಯ ಜಾಲರಿ. ಜಾಲರಿ ಕಿತ್ತು ಭುಜದವರೆಗೆ ಕೈ ಇಳಿಸಿದ. ಬೆರಳಿಗೆ ಸಿಕ್ಕಿತು. ಹಾಲಿನ ಜಿಡ್ಡು ಮೇಣದ ಹಾಗೆ ಗಟ್ಟಿಯಾಗಿತ್ತು. ಹಿಡಿಹಿಡಿಯಾಗಿ ಮುರಿದು ಎಳೆದ. ಹಾರದ ದಾರ, ಹೂವಿನ ತೊಟ್ಟು, ಅರಿಶಿನದ ಕೆಸರು, ಕರ್ಪೂರದ ಪ್ಲಾಸ್ಟಿಕ್ಕು, ಯಾರದೋ ಹರಕೆಯ ಚೀಟಿ. ದೇವರಿಗೆ ಏರಿಸಿದ್ದೆಲ್ಲ ಇಳಿದು ಬಂದು ಇಲ್ಲಿ ಕೂತಿತ್ತು. ಕೊಕ್ಕೆ ಹಾಕಿ ಕೊನೆಯ ಗಂಟನ್ನು ಎಳೆದಾಗ ಕೊಳವೆ ಒಮ್ಮೆ ತೇಗಿತು. ನಿಂತಿದ್ದ ಹಾಲು ಸುಳಿ ಸುತ್ತಿ ಇಳಿಯತೊಡಗಿತು. ನೆಲ ಕಂಡಿತು.

ಹನ್ನೊಂದು ಹದಿನೈದು.

“ಭೇಷ್!” ಕಾರ್ಯದರ್ಶಿ ಹೊಸ್ತಿಲ ಆಚೆಯಿಂದಲೇ ಇಣುಕಿದ. “ಎರಡು ಬಕೆಟ್ ನೀರು ಹಾಕಿ ತೊಳೆದು ಹೊರಡು. ಹಿಂದಿನ ಗೇಟಿಂದ. ಬೇಗ.”

ಕುಳ್ಳ ತೊಳೆದ. ಗಲೀಜನ್ನು ಗೋಣಿಗೆ ತುಂಬಿ ಬಾಯಿ ಕಟ್ಟಿದ.

“ಕಾಗದ ಸಾಹೇಬ್ರೇ.”

“ಯಾವ ಕಾಗದ? ಹೇಳಿಕೆ ಕೊಟ್ಟಾಗಿದೆ, ಫೈಲು ಮುಚ್ಚಿದೆ. ಈಗ ಬೇರೆ ಬರೆದ್ರೆ ನಾನು ಜೈಲಿಗೆ ಹೋಗ್ಲಾ? ಕುಡುಕ ಸೂಳೆಮಗನೊಬ್ಬ ಸತ್ತಿದ್ದಕ್ಕೆ? ಹೊರಡು, ಗಾಡಿ ಬರೋ ಹೊತ್ತಾಯ್ತು.”

ಕುಳ್ಳ ಗೋಣಿಯನ್ನು ಎತ್ತಿ ಹೆಗಲಿಗಿಟ್ಟ. ಮತ್ತೆ ಇಳಿಸಿದ. ಎರಡು ಹೆಜ್ಜೆ ಹಿಂದೆ ಹೋಗಿ, ಮೂರ್ತಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

“ಏಯ್! ಏನ್ ಮಾಡ್ತಿದೀಯೋ?”

“ಸುಸ್ತಾಗಿದೆ. ಕೂತ್ಕೊಂಡೆ.”

“ದೇವರಿಗೆ ಒರಗ್ಕೊಂಡು ಕೂರ್ತಿಯೇನೋ ಹಲ್ಕಾ!”

“ದೇವರಿಗೆ ಯಾಕೆ ಒರಗ್ಲಿ? ದೇವರು ಅಯ್ನೋರ ಕೈಯಲ್ಲಿದಾನೆ. ಇದು ಬರೀ ಕಲ್ಲು. ಅವರೇ ಹೇಳಿದ್ರು.”

ಅರ್ಚಕ ಕಲಶವನ್ನು ಸ್ವಲ್ಪ ಮೇಲಕ್ಕೆ ಸರಿಸಿ ಹಿಡಿದ. ಇಪ್ಪತ್ತೈದು ನಿಮಿಷದಿಂದ ಹಿಡಿದಿದ್ದ. ತಾಮ್ರದ ಕಲಶ, ತುಂಬ ನೀರು, ಮೇಲೊಂದು ಕಾಯಿ.

“ಎಳೆದು ಹಾಕ್ರೋ ಇವನನ್ನ!” ಕಾರ್ಯದರ್ಶಿ ಕೂಗಿದ. ಕಾವಲುಗಾರ ಓಡಿ ಬಂದು ಮಂಟಪದ ಅಂಚಿಗೇ ನಿಂತುಬಿಟ್ಟ. ಗರ್ಭಗುಡಿಗೆ ಹೋಗುವ ಕುಲ ಅವನದೂ ಅಲ್ಲ. ಸಮಿತಿಯವರು ಇಬ್ಬರು ರೇಷ್ಮೆ ಪಂಚೆ ಉಟ್ಟು ದಾನಿಯ ಸ್ವಾಗತಕ್ಕೆ ಮಡಿಯಲ್ಲಿದ್ದರು. ಕುಳ್ಳನ ಎದೆ, ಕೈ, ಕೂದಲಿನಿಂದ ಮೋರಿಯ ಕೆಸರು ಇಳಿಯುತ್ತಿತ್ತು. ಒಬ್ಬ ಇನ್ನೊಬ್ಬನನ್ನು ನೋಡಿದ. ಇಬ್ಬರೂ ಪಂಚೆ ಎತ್ತಿ ಹಿಡಿದುಕೊಂಡರು.

“ಮುಟ್ಟಿ” ಎಂದ ಕುಳ್ಳ. “ಯಾರಾದ್ರೂ ಒಬ್ಬರು ಮುಟ್ಟಿ, ಎದ್ದು ಹೋಗ್ತೀನಿ.”

ಯಾರೂ ಬರಲಿಲ್ಲ.

“ಪೊಲೀಸ್ ಕರೆಸ್ತೀನಿ!”

“ಕರೆಸಿ. ಬೂಟು ಹಾಕ್ಕೊಂಡೇ ಒಳಗೆ ಬರ್ಲಿ.”

ಮುಂದಿನ ಬಾಗಿಲಲ್ಲಿ ಕಾರುಗಳ ಸದ್ದಾಯಿತು. ಯಾರೋ ಗಂಟೆ ಬಾರಿಸಿದರು. ಕಾರ್ಯದರ್ಶಿ ಒಬ್ಬನನ್ನು ಸಭಾಂಗಣಕ್ಕೆ ಓಡಿಸಿದ: ದಾನಿಯನ್ನು ಅಲ್ಲೇ ಕೂರಿಸಿ, ಪಾಠ ಎಳೆಯಲಿ. ಧ್ವನಿವರ್ಧಕ ಮತ್ತೆ ಹತ್ತಿಕೊಂಡಿತು. ಆತ್ಮಕ್ಕೆ ಜಾತಿಯಿಲ್ಲ, ಮೈಲಿಗೆಯಿಲ್ಲ ಎಂದು ಮೇಷ್ಟ್ರು ಮೊದಲ ಪಾಠವನ್ನೇ ಮತ್ತೆ ಶುರು ಮಾಡಿದರು.

“ಅಯ್ನೋರೇ,” ಕುಳ್ಳ ಕೂತಲ್ಲಿಂದಲೇ ಕೇಳಿದ, “ಅವತ್ತು ಮರಿಗೆ ಗುಂಡಿ ತೋರಿಸಿದ್ಯಾರು?”

ಅರ್ಚಕ ಕಲಶವನ್ನೇ ನೋಡುತ್ತಿದ್ದ. ಅವನ ಮೊಣಕೈಗಳು ಎದೆಯಿಂದ ಹೊಟ್ಟೆಗೆ ಇಳಿದಿದ್ದವು.

“ಚಪ್ಪಡಿ ಒಂದು ಕಡೆ ಅವನು ಹಿಡಿದ. ಇನ್ನೊಂದು ಕಡೆ ಯಾರು ಹಿಡಿದ್ರು?”

“ಕಾವಲುಗಾರ” ಎಂದ ಅರ್ಚಕ. ದನಿ ಎಷ್ಟು ಸಣ್ಣದೆಂದರೆ, ಹೇಳಿದ್ದು ತಾನೇ ಎಂದು ಅವನಿಗೇ ಗೊತ್ತಾದಂತಿರಲಿಲ್ಲ. ಮಂಟಪದ ಅಂಚಿನಲ್ಲಿದ್ದ ಕಾವಲುಗಾರ ನೆಲ ನೋಡಿದ.

“ಭಟ್ರೇ, ಬಾಯ್ ಮುಚ್ರಿ!”

“ಕೈ ಬಿದ್ದುಹೋಗ್ತಿದೆ ಸಾರ್. ಬರ್ಕೊಟ್ಬಿಡಿ. ಒಂದು ಸಾಲು ತಾನೆ?”

“ಗಟ್ಟಿಯಾಗಿ ಹಿಡ್ಕೊಳ್ರಿ ಅದನ್ನ! ಸಂಬಳ ಯಾತಕ್ಕೆ ನಿಮಗೆ?”

ಕುಳ್ಳ ಎರಡೂ ಕಾಲು ಚಾಚಿದ. ಬೆನ್ನಿಗೆ ಕಲ್ಲು ತಣ್ಣಗಿತ್ತು.

ಅರ್ಚಕ ಕಲಶವನ್ನು ಇನ್ನೊಂದು ತೋಳಿಗೆ ಬದಲಿಸಲು ಹೋದ. ಮಾವಿನೆಲೆ ಓರೆಯಾಯಿತು, ಕಾಯಿ ವಾಲಿತು. ಕಲಶದ ಅಂಚಿನಿಂದ ಒಂದು ಹನಿ, ಹಿಂದೆಯೇ ಇನ್ನೊಂದು, ಆಮೇಲೆ ಸಣ್ಣ ಧಾರೆ ಅವನ ಬೆರಳುಗಳ ಮೇಲೆ ಹರಿದು ಹೊಸ್ತಿಲಿಗೆ ಬಿತ್ತು. ಹೊಸ್ತಿಲಿಂದ ಒಳಗಿಳಿದ ನೀರು ನೆಲದ ಇಳಿಜಾರು ಹಿಡಿದು ತೂತಿನ ಕಡೆಗೆ ಹೊರಟಿತು. ಮೋರಿ ಈಗ ಚೆನ್ನಾಗಿ ಎಳೆಯುತ್ತಿತ್ತು.

“ಬರೀರಿ ಸಾರ್!” ಅರ್ಚಕ ಕಿರುಚಿದ.

ನೀರು ಕುಳ್ಳನ ಹಿಮ್ಮಡಿಯ ಹತ್ತಿರ ಬಂದು ತಡೆಯಿತು. ಕಾರ್ಯದರ್ಶಿ ಜೇಬಿನಲ್ಲಿದ್ದ ಪೆನ್ನಿನ ಮೇಲೆ ಕೈ ಇಟ್ಟುಕೊಂಡು ಆ ನೀರನ್ನೇ ನೋಡುತ್ತ ನಿಂತಿದ್ದ. ಕುಳ್ಳ ಕಾಲು ಸರಿಸಿ ಅದಕ್ಕೆ ದಾರಿ ಬಿಟ್ಟ.