ಮಲಗಿ ಎದ್ದ ಬೆಲೆ

"ಅಯ್ಯೋ, ಅದ್ರಲ್ಲಿ ಕೂತ್ಕೋಬೇಡಿ! ಏಳಿ, ಏಳಿ. ಅದಿನ್ನೂ ವ್ಯಾಪಾರ ಆಗಿಲ್ಲ."

ವರಾಂಡದಲ್ಲಿದ್ದ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಆಗಷ್ಟೇ ಮೈಭಾರ ಇಳಿಸಿದ್ದ ಪಕ್ಕದ ಮನೆಯ ದಪ್ಪ ಯಜಮಾನರು ಕೆಂಡ ತುಳಿದವರಂತೆ ಎದ್ದು ನಿಂತರು. ಕೂಗಿದವಳು ತೀರಿಕೊಂಡವರ ಹೆಂಡತಿ. ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದೆ, ಯಾರ ಜೊತೆಗೂ ಎರಡು ಮಾತಾಡದೆ ಕೂತಿದ್ದ ಹೆಂಗಸು ಮೊದಲ ಸಲ ಬಾಯಿ ಬಿಟ್ಟದ್ದು ಈ ವಿಷಯಕ್ಕೆ. ಸಮಾಧಾನ ಹೇಳಲು ಬಂದವರು ಮುಖ ಮುಖ ನೋಡಿಕೊಂಡರು.

"ಅತ್ತಿಗೆಗೆ ಏನೋ ಆಗಿದೆ," ಎಂದು ನಾದಿನಿ ಪಿಸುಗುಟ್ಟಿದಳು.

"ಏನೂ ಆಗಿಲ್ಲ ಸೋದರತ್ತೆ," ಎಂದಳು ಮಗಳು. "ಆ ಕುರ್ಚಿಗೆ ಅಪ್ಪ ಇನ್ನೂ ಬೆಲೆ ಹೇಳಿರ್ಲಿಲ್ಲ, ಅಷ್ಟೇ."

ಅಪ್ಪ ನಡುಮನೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದರು. ಬಾಗಿಲಿನಿಂದ ಬಂದ ಬಿಸಿಲು ಅವರ ಪಾದದವರೆಗೆ ಬಂದು ನಿಂತಿತ್ತು. ಹೊರಗೆ ಕುರ್ಚಿಯ ಆ ಕಡೆ ಅದನ್ನು ಮಾರಬೇಕಾದ ಕಟಿಂಗ್ ಶಾಪಿನ ಮುದುಕರು, ಈ ಕಡೆ ಅದನ್ನು ಕೊಳ್ಳಬೇಕಾದ ಪಾರ್ಲರಿನವಳು. ಇಬ್ಬರೂ ದುಃಖದಲ್ಲಿದ್ದರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

*

ಬೀದಿಗೆಲ್ಲ ಅವರು ನಾಳೆ ಮಾವ. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಪಾರ್ಸೆಲ್ ತೂಗಿದವರು. ಹಳೇ ಸಾಮಾನು ಮಾರುವವರೂ ಕೊಳ್ಳುವವರೂ ಚೌಕಾಸಿಗೆ ಕೂತು, ಮಾತಿಗೆ ಮಾತು ಬೆಳೆದು ಮುಖ ಕೆಡಿಸಿಕೊಳ್ಳುವ ಮೊದಲು ಅವರ ಮನೆಗೆ ಬರುತ್ತಿದ್ದರು. ಅಲ್ಲಿ ಕ್ರಮ ಒಂದೇ. ಇದಕ್ಕಿಂತ ಕಡಿಮೆಗೆ ಕೊಡಲಾರೆ ಎನ್ನುವ ಮೊತ್ತವನ್ನು ಮಾರುವವರು ಮಾವನ ಬಲಗಿವಿಯಲ್ಲಿ ಹೇಳಬೇಕು. ಇದಕ್ಕಿಂತ ಹೆಚ್ಚು ಕೊಡಲಾರೆ ಎನ್ನುವುದನ್ನು ಕೊಳ್ಳುವವರು ಎಡಗಿವಿಯಲ್ಲಿ ಹೇಳಬೇಕು. ಸಾಮಾನು ಆ ರಾತ್ರಿ ಅವರ ವರಾಂಡದಲ್ಲೇ ಇರಬೇಕು. ಬೆಲೆ ಆಗುವ ತನಕ ಅದನ್ನು ಯಾರೂ ಅಲುಗಿಸಬಾರದು.

"ಸರಿ, ನಾಳೆ ಹೇಳ್ತೀನಿ," ಎಂದು ಮಾವ ಹೋಗಿ ಮಲಗುತ್ತಿದ್ದರು. ಬೆಳಿಗ್ಗೆ ಮುಖ ತೊಳೆದು ಬಂದು, "ಕನಸಲ್ಲಿ ಬಂತು. ಇಷ್ಟು," ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ಮನುಷ್ಯರ ಜೊತೆ ಜಗ್ಗಾಡಬಹುದು, ಕನಸಿನ ಜೊತೆ ಯಾರು ಜಗ್ಗಾಡುತ್ತಾರೆ? ಎರಡು ಕಿವಿಯ ಲೆಕ್ಕ ಕೂಡಿಬರದಿದ್ದರೆ "ಕನಸು ಬೀಳಲಿಲ್ಲಪ್ಪ" ಎನ್ನುತ್ತಿದ್ದರು. ಇಬ್ಬರೂ ಮರ್ಯಾದೆ ಉಳಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಇದರಿಂದ ಹೆಂಡತಿಗೆ ದಕ್ಕಿದ್ದು ಬಂದವರಿಗೆಲ್ಲ ಚಹಾ ಮಾಡುವ ಕೆಲಸ ಮತ್ತು ಒಂದಿಷ್ಟು ಹೊಟ್ಟೆಕಿಚ್ಚು.

"ಊರವರ ಸೈಕಲ್ಲು, ಮಂಚ, ಫ್ರಿಜ್ಜು ಎಲ್ಲಾ ನಿಮ್ಮ ಕನಸಲ್ಲಿ ಬರುತ್ತೆ. ನಾನು ಒಂದು ದಿನಾನಾದ್ರೂ ಬಂದಿದೀನಾ?" ಎಂದು ಒಮ್ಮೆ ಕೇಳಿದ್ದಳು.

"ನೀನು ಮಾರಾಟಕ್ಕಿಲ್ವಲ್ಲ," ಎಂದು ಅವರು ಮಗ್ಗುಲಾದರು. ಅದು ಹೊಗಳಿಕೆಯೋ ತಪ್ಪಿಸಿಕೊಳ್ಳುವ ಉಪಾಯವೋ ಅವಳಿಗೆ ಇಂದಿಗೂ ಬಗೆಹರಿದಿರಲಿಲ್ಲ.

ನಿನ್ನೆ ಸಂಜೆ ಕುರ್ಚಿ ಬಂತು. ಬಲಗಿವಿ ಆಯಿತು, ಎಡಗಿವಿ ಆಯಿತು. "ನಾಳೆ ಹೇಳ್ತೀನಿ" ಎಂದ ಮಾವ ಬೆಳಿಗ್ಗೆ ಏಳಲಿಲ್ಲ.

*

ಮೂರು ಗಂಟೆಗೆ ವ್ಯಾನು ಬಂತು. ಡ್ರೈವರ್ ಒಳಗೆ ಹಣಕಿ ನೋಡಿ, ವರಾಂಡದ ಅಗಲವನ್ನು ಕೈಯಲ್ಲೇ ಅಳೆದ.

"ಈ ಕುರ್ಚಿ ತೆಗೀರಿ. ಇದಿದ್ರೆ ಅವರನ್ನ ಆಚೆ ತರೋಕಾಗಲ್ಲ."

ನಾಲ್ಕು ಜನ ಕೈ ಹಾಕಲು ಮುಂದೆ ಬಂದರು.

"ಮುಟ್ಟಬೇಡಿ," ಎಂದಳು ಹೆಂಡತಿ. "ಬೆಲೆ ಆಗದೆ ಆ ಜಾಗದಿಂದ ಒಂದು ಸಾಮಾನನ್ನೂ ಅವರು ಅಲುಗಿಸೋಕೆ ಬಿಟ್ಟವರಲ್ಲ. ಅವರ ಹೆಣ ದಾಟಿಸೋಕೆ ಅಂತ ಇವತ್ತು ಅಲುಗಿಸ್ತೀರಾ?"

"ಅತ್ತಿಗೇ, ನಾಲ್ಕೂವರೆಗೆ ಸ್ಮಶಾನದಲ್ಲಿರಬೇಕು. ಹೊತ್ತು ಗೊತ್ತು ಬೇಡ್ವಾ?" ನಾದಿನಿ ತಲೆ ಚಚ್ಚಿಕೊಂಡಳು.

"ಅವರು ಯಾರ ಮಾತನ್ನೂ ಅರ್ಧಕ್ಕೆ ಬಿಟ್ಟು ಹೋದವರಲ್ಲ. ಇವತ್ತೂ ಹೋಗೋದು ಬೇಡ." ಅವಳಿಗೆ ಬೇಕಾದದ್ದು ಅಷ್ಟೇ: ಗಂಡ ಹೊಸ್ತಿಲು ದಾಟುವಾಗ ಹಿಂದೆ ಏನೂ ಬಾಕಿ ಇರಬಾರದು.

ಅವಳು ಇಬ್ಬರನ್ನೂ ಒಳಗೆ ಕರೆದು, ಗಂಡನ ತಲೆಯ ಹತ್ತಿರ ಚಾಪೆಯ ಮೇಲೆ ನೆಟ್ಟಗೆ ಕೂತಳು. "ಅವರಿಗೆ ಹೇಳಿದ್ದನ್ನೇ ನನಗೆ ಹೇಳಿ."

ಮುದುಕರು ಮಂಡಿಯೂರಿ ಕೂತರು. ಈಗೀಗ ಕೈ ನಡುಗುತ್ತದೆಂದು ಜನ ಅವರ ಮುಂದೆ ಗಲ್ಲ ಒಡ್ಡುವುದನ್ನು ಬಿಟ್ಟಿದ್ದರು. ನಾಳೆ ಬೆಳಗಿನ ಬಸ್ಸಿಗೆ ಮಗಳ ಮನೆ ಸೇರಬೇಕು, ಬರಿಗೈಯಲ್ಲಿ ಹೋಗಬಾರದು. ಅವರು ಅವಳ ಬಲಗಿವಿಯ ಬಳಿ ಬಾಗಿ, "ಒಂದು ಸಾವಿರ ಸಾಕು ತಂಗಿ," ಎಂದರು.

ಪಾರ್ಲರಿನವಳು ಎಡಕ್ಕೆ ಬಂದಳು. ಓಲೆ ಮಾರಿ ಬಾಡಿಗೆ ಕೋಣೆ ಹಿಡಿದವಳು, ಇಬ್ಬರು ಮಕ್ಕಳ ತಾಯಿ. "ಹದಿನೈದು ಸಾವಿರ ಕೊಡ್ತೀನಿ ಅತ್ತೆ," ಎಂದು ಬಿಕ್ಕಿದಳು. ಅಂಗಡಿಯಲ್ಲಿ ಹೊಸ ಕುರ್ಚಿಗೇ ಅಷ್ಟಿರಲಿಲ್ಲ.

ಹೆಂಡತಿಗೆ ಎರಡು ಕಿವಿಯಲ್ಲೂ ಗುಂಯ್ ಎಂದಿತು.

*

ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಇಬ್ಬರೂ ಒಂದು ಹಳೆಯ ಬೀರು ಕೊಳ್ಳಲು ಹೋಗಿದ್ದರು. ಮಾರುತ್ತಿದ್ದವಳು ಗಂಡ ತೀರಿಕೊಂಡು ಹದಿನೈದು ದಿನವೂ ಆಗದ ಹೆಂಗಸು. ಕಣ್ಣೊರೆಸಿಕೊಳ್ಳುತ್ತಾ ಏನೋ ಒಂದು ಮೊತ್ತ ಹೇಳಿದಳು. ಇವರು ಕೊಟ್ಟರು, ಗಾಡಿಯಲ್ಲಿ ಹೇರಿಕೊಂಡು ನಗುನಗುತ್ತಾ ಮನೆಗೆ ಬಂದರು. ಅಷ್ಟು ಅಗ್ಗಕ್ಕೆ ಸಿಕ್ಕಿತೆಂದು ಹೆಂಡತಿ ಬೀರುವಿನ ಬಾಗಿಲಿಗೆ ಕನ್ನಡಿಯನ್ನೂ ಹಾಕಿಸಿದಳು.

ಒಂದು ವಾರ ಕಳೆದ ಮೇಲೆ ಅವರು ಸಂಬಳದಲ್ಲಿ ಇನ್ನಷ್ಟು ಎತ್ತಿಕೊಂಡು ಹೋಗಿ ಆ ಹೆಂಗಸಿಗೆ ಕೊಟ್ಟು ಬಂದರು. ಹೊಸ ಹೆಂಡತಿಗೆ ಮೈಯೆಲ್ಲ ಉರಿಯಿತು. ಕೇಳಿದ್ದನ್ನು ಕೊಟ್ಟಿದ್ದೇವೆ, ಮೋಸ ಮಾಡಿದ್ದೇವಾ ಎಂದು ರೇಗಿದಳು.

"ಅಳ್ತಾ ಇರೋರ ಬಾಯಲ್ಲಿ ಬಂದ ಬೆಲೆ ಬೆಲೆಯಲ್ಲ ಕಣೇ," ಎಂದಿದ್ದರು ಅವರು. "ನಾವು ಬೀರು ಕೊಳ್ಳೋಕೆ ಹೋಗಿ ಅವಳ ಅಳೂನ ಕೊಂಡ್ಕೊಂಡು ಬಂದಿದೀವಿ."

ಅವಳು ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ಬೀರುವಿನ ಕನ್ನಡಿಯಲ್ಲಿ ಅವರು ಹಿಂದಿನಿಂದ ಹಲ್ಲು ಕಿರಿದದ್ದನ್ನು ಕಂಡು ನಕ್ಕುಬಿಟ್ಟಳು.

*

"ಇದೇನಾ ನೀವು ಅವರ ಕಿವಿಯಲ್ಲಿ ಹೇಳಿದ್ದು?"

ಇಬ್ಬರೂ ತಲೆ ತಗ್ಗಿಸಿದರು.

"ಸತ್ತಿರೋದು ನನ್ನ ಗಂಡ. ಅಳೋದಿದ್ರೆ ನಾನು ಅಳ್ತೀನಿ. ನೀವು ಬೆಲೆ ಹೇಳಿ."

ನಡುಮನೆಯಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಮುದುಕರು ಕಣ್ಣೊರೆಸಿಕೊಂಡು ಮತ್ತೆ ಬಲಗಿವಿಗೆ ಬಂದರು. ಆರು ಸಾವಿರ. ಪಾರ್ಲರಿನವಳು ಮೂಗು ಒರೆಸಿಕೊಂಡು ಎಡಗಿವಿಗೆ ಬಂದಳು. ಎಂಟು ಸಾವಿರ, ಅದಕ್ಕಿಂತ ಒಂದು ಕಾಸೂ ಇಲ್ಲ. ಈಗ ಮಾತು ಸತ್ಯವಾಗಿತ್ತು.

"ಅಬ್ಬ, ಏಳು ಸಾವಿರ ಅಂದು ಮುಗಿಸಮ್ಮ," ಎಂದು ಪಕ್ಕದ ಮನೆಯವರು ಯಾವ ಸಂಖ್ಯೆಯೂ ತಿಳಿಯದೆ ಬಾಯಿಗೆ ಬಂದದ್ದನ್ನು ಅಂದರು.

"ಹಾಗೆಲ್ಲ ಆಗಲ್ಲ. ನಾನು ಸ್ವಲ್ಪ ಮಲಗಿ ಬರ್ತೀನಿ."

"ಏನು?!" ನಾದಿನಿ ಗೋಡೆ ಹಿಡಿದುಕೊಂಡಳು. "ಮನೆಯಲ್ಲಿ ಹೆಣ ಇಟ್ಕೊಂಡು ನಿದ್ದೆನಾ ಅತ್ತಿಗೆ? ಕೇಳಿದವರು ಏನಂದಾರು?"

"ಬೆಲೆ ಮಲಗಿ ಏಳಬೇಕು. ಅವರ ಕ್ರಮ ಅದು."

ಮಗಳು ಎದ್ದು ಹೋಗಿ ಡ್ರೈವರಿಗೆ ಏನೋ ಹೇಳಿದಳು. ವ್ಯಾನಿನ ಇಂಜಿನ್ ಸುಮ್ಮನಾಯಿತು. ಇಪ್ಪತ್ತು ಮೂವತ್ತು ಜನ ನೆರಳು ಹುಡುಕಿಕೊಂಡು ನಿಂತರು.

ಒಳಕೋಣೆಯ ಮಂಚದಲ್ಲಿ ಅವಳ ಜಾಗ ಗೋಡೆಯ ಕಡೆ. ಬಾಗಿಲಿನ ಕಡೆ ಅವರದು. ಅಲ್ಲಿ ಹೊರಗಿನ ಸರಳುಬಾಗಿಲಿಂದ ಗಾಳಿ ಬಡಿಯುತ್ತದೆ, ಬೀದಿದೀಪ ಕಣ್ಣಿಗೆ ಬೀಳುತ್ತದೆ, ಮಂಚ ಈಚೆ ಸರಿಸೋಣ ಎಂದು ಅವಳು ನಲವತ್ತು ವರ್ಷ ಹೇಳಿದ್ದಳು, ಅವರು ಒಪ್ಪಿರಲಿಲ್ಲ. ಇವತ್ತು ಅವಳು ಮೊದಲ ಸಲ ಅವರ ಜಾಗದಲ್ಲಿ ಮಲಗಿದಳು. ದಿಂಬಿನಲ್ಲಿ ಅವರ ತಲೆಯಷ್ಟೇ ತಗ್ಗಿತ್ತು. ಅವಳು ಕೆನ್ನೆಯನ್ನು ಅದರೊಳಗೆ ಇಟ್ಟಳು.

ಅಲ್ಲಿಂದ ಕೋಣೆಯ ಬಾಗಿಲು, ನಡುಮನೆ, ಹೊರಬಾಗಿಲು ಒಂದೇ ಸಾಲಿನಲ್ಲಿ ಕಂಡವು. ನಡುಮನೆಯಲ್ಲಿ ಅವರ ಎರಡು ಪಾದ. ಅವುಗಳ ನಡುವೆ, ದೂರದಲ್ಲಿ, ವರಾಂಡದ ಬೆಳಕಿನಲ್ಲಿ ಕುರ್ಚಿ.

ಅವಳಿಗೆ ಎಲ್ಲ ತಿಳಿಯಿತು. ಈ ಮನುಷ್ಯ ನಿದ್ದೆಯನ್ನೇ ಮಾಡುತ್ತಿರಲಿಲ್ಲ. ಸಾಮಾನು ಬಂದ ರಾತ್ರಿಗಳಲ್ಲೆಲ್ಲ ಅವಳಿಗೆ ಬೆನ್ನು ಮಾಡಿ, ಬೀದಿದೀಪದ ಬೆಳಕಿನಲ್ಲಿ ಅದನ್ನು ನೋಡುತ್ತಾ ಮಲಗಿರುತ್ತಿದ್ದರು. ಮಾರುವವರ ಹೊಟ್ಟೆಯನ್ನೂ ಕೊಳ್ಳುವವರ ಹೊಟ್ಟೆಯನ್ನೂ ನೆನೆಯುತ್ತಾ ಬೆಳಗು ಮಾಡಿ, ಅದಕ್ಕೆ ಕನಸು ಎಂದು ಹೆಸರಿಟ್ಟಿದ್ದರು. ಎಂಥಾ ಸುಳ್ಳುಗಾರ! ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಎದೆ ತುಂಬಿಕೊಂಡಿತು.

ಕಣ್ಣು ತಾನಾಗಿ ಮುಚ್ಚಿತೋ, ತೆರೆದೇ ಇತ್ತೋ. ವರಾಂಡಕ್ಕೆ ಒಂದು ಸೈಕಲ್ ಬಂದು ಗೋಡೆಗೆ ಒರಗಿತು. ಅದರ ಹಿಂದೆ ಒಂದು ತೊಟ್ಟಿಲು ಬಂತು, ಹಿಡಿ ಮುರಿದ ಹೊಲಿಗೆ ಯಂತ್ರ ಬಂತು, ಯಾರದೋ ಮದುವೆಯ ಮಂಚ ನಾಲ್ಕು ಕಾಲಲ್ಲಿ ನಡೆದುಕೊಂಡು ಬಂತು. ನಲವತ್ತು ವರ್ಷದ ಸಾಮಾನುಗಳೆಲ್ಲ ಒಂದೊಂದಾಗಿ ಮೆಟ್ಟಿಲು ಹತ್ತಿ, ಒಂದಕ್ಕೊಂದು ಜಾಗ ಬಿಟ್ಟುಕೊಟ್ಟು, ಗದ್ದಲ ಮಾಡದೆ ಕಾದು ನಿಂತವು. ಅವರು ಮಾತ್ರ ಎಲ್ಲೂ ಕಾಣಲಿಲ್ಲ. ಅವಳಿಗೆ ಹೆದರಿಕೆಯಾಗಲಿಲ್ಲ. ಎಲ್ಲವೂ ಮೆಲ್ಲಗೆ ತೆಳುವಾದ ಮೇಲೆ ಕುರ್ಚಿಯೊಂದೇ ಉಳಿಯಿತು.

ಅವಳು ಅದನ್ನು ನೋಡಿದಳು. ಎಡಗೈ ಆನಿಸುವಲ್ಲಿ ಚರ್ಮ ಸವೆದಿತ್ತು. ಕಾಲಿಡುವ ಹಲಗೆ ಥಳಥಳ ಹೊಳೆಯುತ್ತಿತ್ತು; ಮುದುಕರು ದಿನವೂ ಒರೆಸಿರಬೇಕು. ಯಾರೂ ಕೂತಿರದಿದ್ದರೂ ಕುರ್ಚಿ ಉಸಿರು ಬಿಟ್ಟ ಹಾಗೆ ಕೂದಲೆಳೆಯಷ್ಟು ಕೆಳಗಿಳಿಯಿತು.

ಅವಳು ಎದ್ದು ಮುಖ ತೊಳೆದು ಹೊರಗೆ ಬಂದಳು.

"ಕನಸು ಬಿತ್ತಾ ಅತ್ತೆ?" ಎಂದು ಪಾರ್ಲರಿನವಳು ಕೇಳಿದಳು.

"ಬಿತ್ತು," ಎಂದಳು ಅವಳು. ಗಂಡನ ಸುಳ್ಳು ಅವಳ ಬಾಯಲ್ಲಿ ಸರಾಗವಾಗಿ ಬಂತು. "ಏಳು ಸಾವಿರದ ಇನ್ನೂರು. ಕುರ್ಚಿ ಏರಿಸೋ ಪಂಪಿನ ವಾಷರ್ ಹೋಗಿದೆ, ಅದು ತಾನಾಗೇ ಇಳಿಯುತ್ತೆ. ಅದನ್ನ ಹಾಕಿಸಿಕೊಡೋದು ಅಣ್ಣನ ಖರ್ಚು."

ಮುದುಕರು ಬೆಚ್ಚಿದರು. ವಾಷರಿನ ವಿಷಯ ಅವರು ಯಾರಿಗೂ ಹೇಳಿರಲಿಲ್ಲ. "ಅವರೇ ಬಂದು ಹೇಳಿದ್ದು, ಅನುಮಾನವೇ ಇಲ್ಲ," ಎಂದು ಕೈ ಜೋಡಿಸಿದರು. ಪಾರ್ಲರಿನವಳು ಸೆರಗಿನ ಗಂಟು ಬಿಚ್ಚಿದಳು.

*

ಕುರ್ಚಿಯನ್ನು ಇಳಿಸಿ ತಳ್ಳುಗಾಡಿಯ ಮೇಲಿಟ್ಟು ಅದರ ಬುಡಕ್ಕೆ ಹಗ್ಗ ಕಟ್ಟಿದರು. ಆಮೇಲೆ ಅವರನ್ನು ಹೊರಗೆ ತಂದರು. ವರಾಂಡ ಖಾಲಿಯಾಯಿತು.

ಗಾಡಿ ಮೊದಲು ಹೊರಟುಬಿಟ್ಟಿತ್ತು. ಮುದುಕರು ಒಂದು ಕಡೆ, ಪಾರ್ಲರಿನವಳು ಇನ್ನೊಂದು ಕಡೆ ತಳ್ಳುತ್ತಿದ್ದರು. ಓಣಿ ಇಕ್ಕಟ್ಟು, ಮುಖ್ಯ ರಸ್ತೆಯವರೆಗೆ ವ್ಯಾನಿಗೆ ಮುಂದೆ ಹೋಗಲು ದಾರಿಯಿರಲಿಲ್ಲ. ಡ್ರೈವರ್ ಹಾರ್ನಿನ ಮೇಲೆ ಕೈ ಇಟ್ಟ.

"ಬೇಡಪ್ಪ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ. "ಅದರ ಹಿಂದೆಯೇ ನಿಧಾನಕ್ಕೆ ಹೋಗು."

ಎದುರಿನಿಂದ ಬಂದವರು ಏನೆಂದು ತಿಳಿಯದೆ ಗೋಡೆಗೆ ಒತ್ತಿ ನಿಂತು, ಮೊದಲು ಕುರ್ಚಿಗೆ, ಆಮೇಲೆ ವ್ಯಾನಿಗೆ ದಾರಿ ಬಿಟ್ಟರು. ಅವಳ ಕಣ್ಣು ಆಗ ತುಂಬಿ ಹರಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಗಾಡಿಯ ಚಕ್ರ ಒಂದು ಕಲ್ಲು ಹತ್ತಿ ಇಳಿಯಿತು. ಖಾಲಿ ಕುರ್ಚಿ ಮೆಲ್ಲಗೆ ತಿರುಗಿ ಅವಳ ಕಡೆ ಮುಖ ಮಾಡಿತು, ಒಂದು ಗಳಿಗೆ ಹಾಗೇ ನಿಂತು, ಮತ್ತೆ ದಾರಿಯ ಕಡೆ ತಿರುಗಿತು.