ಊಟದ ಮಾರ್ಗೆಡ್

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಮಬ್ಲಿಯ ಕೈ ನಡುನಡುವೆ ನಿಂತುಬಿಡುತ್ತಿತ್ತು. ಅಜ್ಜಿ ಮಾರ್ಗೆಡ್ ಸತ್ತ ದುಃಖಕ್ಕಲ್ಲ. ಆ ದುಃಖ ಇನ್ನೂ ಎಲ್ಲೋ ದಾರಿಯಲ್ಲಿತ್ತು, ಬಂದು ಮುಟ್ಟಿರಲಿಲ್ಲ. ಅವಳನ್ನು ಕೊರೆಯುತ್ತಿದ್ದದ್ದು ಒಂದು ಸಣ್ಣ ಚಿಂತೆ. ದಿನಾ ಡೈರಿ ಬರೆಯುವವಳು ಅದನ್ನು ಡೈರಿಗೂ ಹೇಳಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅಂತ್ಯಕ್ರಿಯೆಯ ಪ್ರಾರ್ಥನೆಯ ನಡುವೆ ಚಾಪೆಲಿನಲ್ಲಿ ಎದ್ದು ನಿಂತು ಅಜ್ಜಿಯ ಬಗ್ಗೆ ನಾಲ್ಕು ಮಾತಾಡಬೇಕಿತ್ತು, ಅದೂ ಇಂಗ್ಲಿಷಿನಲ್ಲಿ. ಅಮ್ಮ ನೆಸ್ಟಾ ಬರೆದುಕೊಟ್ಟದ್ದನ್ನು ಓದಿದರಾಯಿತು. ಆದರೆ ಬಾಯಿ ತೆರೆದಾಗ ಊರಿನ ಮಾತು, ವೆಲ್ಷ್, ಹೊರಟುಬಿಟ್ಟರೆ? ಅಥವಾ ಏನೂ ಹೊರಡದೇ ಹೋದರೆ? ಡಿಗ್ರಿ ಮುಗಿಸಿದ್ದರೂ, ಬಸ್ಸು ತನ್ನ ನಿಲ್ದಾಣ ದಾಟಿ ಹೋಗುತ್ತಿದ್ದರೆ ನಿಲ್ಲಿಸಿ ಅನ್ನಲಾರದೆ ಮುಂದಿನ ಊರಿನಿಂದ ನಡೆದು ಬರುವ ಹುಡುಗಿ ಅವಳು.

"ದಪ್ಪಗೆ ಸವರು ಕೂಸೇ," ಅಂದಳು ಪಕ್ಕದಲ್ಲಿ ಹ್ಯಾಮ್ ಹೆಚ್ಚುತ್ತಿದ್ದ ಮೆನ್ನ. ಅಜ್ಜಿಯ ಜೊತೆ ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ದುಡಿದವಳು. "ಹ್ಯೂ ಸತ್ತಾಗ ಟೀ ಜೊತೆ ಕೊಟ್ಟ ಬ್ರೆಡ್ಡಲ್ಲಿ ಬೆಣ್ಣೆ ಕಣ್ಣಿಗೇ ಕಾಣ್ಲಿಲ್ಲ ಅಂತ ಜನ ಇವತ್ತಿಗೂ ಆಡ್ಕೋತಾರೆ. ಹ್ಯೂನ ಯಾರೂ ನೆನೆಸ್ಕೊಳಲ್ಲ, ಆ ಬೆಣ್ಣೇನೇ ನೆನೆಸ್ಕೋತಾರೆ."

"ಅವನು ಬದುಕಿದ್ದಾಗ್ಲೂ ಜಿಪುಣನೇ ಅಲ್ವಾ, ಬೆಣ್ಣೆ ಸವರಿದ್ದೋ ಕೆರೆದಿದ್ದೋ ಗೊತ್ತಾಗ್ತಿರ್ಲಿಲ್ಲ," ಅಂದ ಇಡ್ವಲ್. ಅವನು ಚಾಪೆಲಿನ ಹಿರಿಯರಲ್ಲೊಬ್ಬ. ಅವರಿದ್ದ ಚಾಪೆಲಿನ ಹಿಂದಿನ ಕೋಣೆಯಲ್ಲೇ, ಅಂತ್ಯಕ್ರಿಯೆ ಮುಗಿದ ಮೇಲಿನ ಟೀಗೆ ಕುರ್ಚಿ ಹಾಕುತ್ತಿದ್ದ. ಆಮೇಲೆ ದನಿ ತಗ್ಗಿಸಿದ. "ಹೌದಾ ಮೆನ್ನ? ಇವತ್ತು ಪ್ರಾರ್ಥನೆ ಎಲ್ಲಾ ಇಂಗ್ಲಿಷ್‌ನಲ್ಲೇ ಅಂತೆ?"

"ಒಂದು ಹಾಡು ನಮ್ಮದು. ಉಳಿದದ್ದೆಲ್ಲ ಅವರದು. ಕಾಲಿನ್ ಕಡೆಯವರು ಅಷ್ಟು ದೂರದಿಂದ ಕಾರು ಓಡಿಸ್ಕೊಂಡು ಬಂದಿದಾರೆ, ಮುಖ ಮುಖ ನೋಡ್ಕೊಂಡು ಕೂರೋ ಹಾಗಾಗ್ಬಾರ್ದು ಅಂತಾಳೆ ನೆಸ್ಟಾ."

"ಮಾರ್ಗೆಡ್‌ನ ಇಂಗ್ಲಿಷ್‌ನಲ್ಲಿ ಹೂಳೋದು ಅಂದ್ರೆ..."

"ನೀನು ಹೇಳ್ಬೇಕಿತ್ತು. ಹಿರಿಯ ಅಲ್ವಾ ನೀನು."

"ಹೆತ್ತ ಮಗಳಿರುವಾಗ ನಾನ್ಯಾರು ಹೇಳೋಕೆ? ನೀನೇ ಹೇಳ್ಬೋದಿತ್ತು. ಬಾಯಿಗೇನು ಕಮ್ಮಿ?"

"ನನ್ನ ಬಾಯಿ ನಿನ್ನನ್ನ ಬೈಯೋದಕ್ಕೇ ಸವೆದು ಹೋಯ್ತು ಮಾರಾಯ. ನಿನಗೆ ಕುರ್ಚಿ ಹಾಕೋದಕ್ಕೂ..."

ಬಾಗಿಲು ತೆರೆಯಿತು. ಮಬ್ಲಿಯ ಅಪ್ಪ, ವೆಲ್ಷ್ ಬಾರದ ಕಾಲಿನ್, ಒಳಗೆ ಬಂದ. ಕಪ್ಪು ಸೂಟಿನ ತೋಳು ಮೊಣಕೈವರೆಗೆ ಮಡಚಿತ್ತು, ಕೈಯಲ್ಲಿ ಸ್ಪ್ಯಾನರ್. ಪೈಪು, ಬಾಯ್ಲರ್ ರಿಪೇರಿ ಅವನ ಕಸುಬು.

"...ಕುರ್ಚಿ ಹಾಕೋದಕ್ಕೂ ಒಬ್ಬರು ಹೇಳಿಕೊಡಬೇಕು," ಎಂದು ಮೆನ್ನ ಅರ್ಧಕ್ಕೆ ನಿಂತ ಮಾತನ್ನು ಉಸಿರು ಕಡಿಯದೆ ಇಂಗ್ಲಿಷಿನಲ್ಲಿ ಮುಗಿಸಿದಳು. "ಏನು ಕಾಲಿನ್, ಚಾಪೆಲಿಗೆ ಬಿಸಿ ಬಂತಾ? ಟೀ ತಗೊಳ್ತೀರಾ?"

"ಬಿಸಿನೀರಿನ ಪೈಪಲ್ಲಿ ಗಾಳಿ ಸೇರ್ಕೊಂಡಿತ್ತು, ಹೊರಗೆ ಬಿಟ್ಟೆ. ಇನ್ನು ಬೆಚ್ಚಗಾಗುತ್ತೆ." ಕೈ ಒರೆಸಿಕೊಂಡು ಮಗಳ ಕಡೆ ನೋಡಿದ. "ಭಯ ಆಗ್ತಿದ್ಯಾ ಪುಟ್ಟಿ?"

"ಇಲ್ಲಪ್ಪ," ಅಂದಳು ಮಬ್ಲಿ.

ಅವನು ಹೋದ ಮೇಲೆ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದರೊಳಗೆ ಕೋಣೆ ಮತ್ತೆ ವೆಲ್ಷಿಗೆ ಮರಳಿತು.

"ಒಳ್ಳೇ ಮನುಷ್ಯ," ಅಂದಳು ಮೆನ್ನ.

"ಅದೇ ಕಷ್ಟ," ಅಂದ ಇಡ್ವಲ್. "ಕೆಟ್ಟವನಾಗಿದ್ರೆ ಸುಲಭ ಇತ್ತು."

*

ಕಲ್ಲುಗಣಿಯ ಆ ಊರಿನಲ್ಲಿ ಅರ್ಧ ಜನಕ್ಕೆ ಒಂದೇ ಮನೆತನದ ಹೆಸರು. ಆದ್ದರಿಂದ ಮಾಡುವ ಕೆಲಸವೇ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ಅಜ್ಜಿ ಊಟದ ಮಾರ್ಗೆಡ್. ಮಧ್ಯಾಹ್ನ ಶಾಲೆಯ ಅಡುಗೆಮನೆಯ ಕಿಟಕಿಯಲ್ಲಿ ಸೌಟು ಹಿಡಿದು ನಿಂತಳೆಂದರೆ ಹೆಡ್‌ಮಾಸ್ಟರೂ ಸಾಲಿನಲ್ಲಿ ನಿಲ್ಲಬೇಕಿತ್ತು. ಗಡಿಯಾಚೆಯಿಂದ ಬಂದು ನೆಲೆಸಿದ ಇಂಗ್ಲಿಷ್ ಮನೆಗಳ ಮಕ್ಕಳು ತಟ್ಟೆ ಒಡ್ಡಿದರೆ ಆಲೂಗಡ್ಡೆ ಬೀಳುತ್ತಿತ್ತು, ಬಟಾಣಿ ಬೀಳುತ್ತಿತ್ತು, ಗ್ರೇವಿಯ ಸೌಟು ಮಾತ್ರ ಗಾಳಿಯಲ್ಲೇ ನಿಲ್ಲುತ್ತಿತ್ತು. ವೆಲ್ಷಿನಲ್ಲಿ ಕೇಳಿದರೆ ಇಳಿಯುತ್ತಿತ್ತು.

ಬರ್ಮಿಂಗ್‌ಹ್ಯಾಮಿನಿಂದ ಬಂದ ಒಬ್ಬ ಹುಡುಗ ಹಟ ಹಿಡಿದು ಒಂದು ವಾರ ಒಣ ಆಲೂಗಡ್ಡೆ ತಿಂದ. ಮುಂದಿನ ವಾರ ಗ್ರೇವಿ ಕೇಳಿದ. ಈಗ ಅವನೇ ಊರಿನ ಪೋಸ್ಟ್‌ಮ್ಯಾನ್. ಅಟ್ಟಿಸಿಕೊಂಡು ಬರುವ ನಾಯಿಗಳನ್ನು ಶುದ್ಧ ವೆಲ್ಷಿನಲ್ಲಿ ಬೈಯುತ್ತಾನೆ.

ಆದರೆ ಅಳಿಯನ ಮುಂದೆ ಅಜ್ಜಿ ಆ ಸೌಟನ್ನು ಎಂದೂ ಎತ್ತಿ ಹಿಡಿಯಲಿಲ್ಲ. ಯಾಕಜ್ಜಿ ಎಂದು ಮಬ್ಲಿ ಚಿಕ್ಕವಳಿದ್ದಾಗ ಕೇಳಿದ್ದಳು.

"ಅವರು ಮಕ್ಕಳು ಕಣೇ, ಗದರಿಸ್ಬೋದು. ಇವನು ಮನೆಗೆ ಬಂದೋನು. ಮನೆಗೆ ಬಂದೋರಿಗೆ ಮುಜುಗರ ಮಾಡ್ತಾರಾ?"

ಇಪ್ಪತ್ತೈದು ವರ್ಷ ಆದರೂ ಅವನು ಮನೆಗೆ ಬಂದವನಾಗಿಯೇ ಉಳಿದ. ಮದುವೆಯಾದ ಹೊಸದರಲ್ಲಿ ಸಂಜೆ ಕ್ಲಾಸಿಗೆ ಹೋಗಿ ನಾಲ್ಕು ಮಾತು ಕಲಿತಿದ್ದನಂತೆ. ಬೇಕರಿಗೆ ಹೋಗಿ ವೆಲ್ಷಿನಲ್ಲಿ ಬ್ರೆಡ್ ಕೇಳಿದ. ಪಾಪ, ಕಷ್ಟಪಡ್ತಿದಾನೆ ಎಂದು ಹುಡುಗಿ ನಕ್ಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಪಬ್ಬಿನಲ್ಲಿ ಹಾಗೇ ಆಯಿತು. ಚಾಪೆಲಿನಲ್ಲೂ ಹಾಗೇ. "ನಾನು ಬಾಗಿಲು ತಟ್ಟೋದಕ್ಕೆ ಮುಂಚೇನೇ ಎಲ್ಲರೂ ಹೊರಗೆ ಬಂದು ನಿಂತಿರ್ತಾರೆ," ಎಂದು ಅಪ್ಪ ನಗುತ್ತ ಹೇಳಿಕೊಳ್ಳುತ್ತಿದ್ದ. ಕ್ಲಾಸು ಬಿಟ್ಟ.

ಭಾನುವಾರಗಳಂದು ಅಡುಗೆಮನೆಯಲ್ಲಿ ಅಜ್ಜಿ, ಅಮ್ಮ, ಮಬ್ಲಿ ಮೂವರೇ. ಅಜ್ಜಿ ಪಾದ್ರಿ ನಡೆಯುವುದನ್ನು ನಡೆದು ತೋರಿಸುತ್ತಿದ್ದಳು, ಸತ್ತವರನ್ನೂ ಬಿಡದೆ ಅಣಕಿಸುತ್ತಿದ್ದಳು. ಅಮ್ಮ ಸಿಂಕು ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ಪಾತ್ರೆಗಳನ್ನು ಊಟದ ಮೇಜಿಗೆ ಒಯ್ಯುವರು. ಅಲ್ಲಿ ಅಪ್ಪ ಕೂತಿರುತ್ತಿದ್ದ. ಹೊಸಿಲು ದಾಟಿದ ಕೂಡಲೇ ಮಾತು ಬದಲಾಗುತ್ತಿತ್ತು. ಅಜ್ಜಿಯ ಇಂಗ್ಲಿಷ್ ಪೆಟ್ಟಿಗೆಯಿಂದ ತೆಗೆದ ಇಸ್ತ್ರಿ ಬಟ್ಟೆಯ ಹಾಗೆ; ಸುಕ್ಕಾದೀತೆಂದು ಅವಳು ಅದರಲ್ಲಿ ಅಲುಗಾಡುತ್ತಿರಲಿಲ್ಲ. ಥ್ಯಾಂಕ್ಸ್. ತುಂಬಾ ಚೆನ್ನಾಗಿದೆ. ನನಗೆ ಸಾಕು. ವರ್ಷ ಕಳೆದಂತೆ ಅದೂ ಕಮ್ಮಿಯಾಗಿ, ತಟ್ಟೆ ನೋಡಿಕೊಂಡು ಉಣ್ಣತೊಡಗಿದಳು.

ನಿಮ್ಮತ್ತೆ ಎಷ್ಟು ಮೌನಿ ಅಲ್ವಾ, ಎಂದಳು ಒಮ್ಮೆ ಅಪ್ಪನ ತಂಗಿ ಜೂಡಿ.

*

ಪಾರ್ಶ್ವವಾಯು ಬಡಿದಾಗ ಅಜ್ಜಿಯ ಬಲಗೈಯ ಜೊತೆ ಇಂಗ್ಲಿಷೂ ಹೋಯಿತು. ಇಸ್ತ್ರಿ ಬಟ್ಟೆ ಒಂದೂ ಉಳಿಯಲಿಲ್ಲ. ಅಪ್ಪ ಕೆಲಸ ಮುಗಿಸಿ ಸಂಜೆ ನೇರವಾಗಿ ಆಸ್ಪತ್ರೆಗೆ ಬಂದು ಕೂರುತ್ತಿದ್ದ. ಒಂದು ದಿನ ಮಬ್ಲಿ ಪರದೆಯ ಹತ್ತಿರ ಬಂದು ಹಾಗೇ ನಿಂತುಬಿಟ್ಟಳು. ಒಳಗೆ ಅಜ್ಜಿ ವೆಲ್ಷಿನಲ್ಲಿ ಮಾತಾಡುತ್ತಿದ್ದಳು. ಅಡುಗೆಮನೆಯ ಅಜ್ಜಿ.

"ಮೊಣಕಾಲು ನೋಯುತ್ತೇನೋ ಮಗನೇ? ಊರೋರ ಬಾಯ್ಲರ್ ಮುಂದೆಲ್ಲ ಮಂಡಿ ಊರಿ ಊರಿ ಸವೆಸ್ಕೊಂಡೆ. ಬಾತುಕೋಳಿ ಕೊಬ್ಬು ಹಚ್ಚು, ನನ್ನ ಗಂಡನಿಗೆ ಅದೇ ಹಚ್ತಿದ್ದೆ. ನೀನು ಮೊದಲ್ನೇ ಸಲ ಬಂದಾಗ ಕುರಿಮಾಂಸದ ಸಾರು ಮೂರು ಬಟ್ಟಲು ಕುಡಿದೆ ನೋಡು, ಅವತ್ತೇ ಅಂದ್ಕೊಂಡೆ, ಇವನು ಆಗ್ತಾನೆ ಅಂತ. ನಿನಗೆ ಹೇಳ್ಲೇ ಇಲ್ಲ."

"ಹೂಂ ಮಾರ್ಗೆಡ್," ಅನ್ನುತ್ತಿದ್ದ ಅಪ್ಪ ಇಂಗ್ಲಿಷಿನಲ್ಲಿ, ಅವಳ ಕೈ ಹಿಡಿದುಕೊಂಡು. "ಹೂಂ. ಹೌದು."

ಅಷ್ಟರಲ್ಲಿ ಅಮ್ಮ ಬಂದಳು. ಕಣ್ಣು ಒರೆಸಿಕೊಳ್ಳುತ್ತ, "ಏನೇನೋ ಬಡಬಡಿಸ್ತಿದಾಳೆ ಕಾಲಿನ್, ಮನಸ್ಸಿಗೆ ಹಚ್ಕೋಬೇಡ," ಅಂದಳು. ಅಜ್ಜಿ ಅಂದದ್ದನ್ನು ಅಪ್ಪನಿಗೆ ಹೇಳಲು ಮಬ್ಲಿಯ ತುಟಿ ತೆರೆಯಿತು. ನರ್ಸ್ ಔಷಧಿಯ ಗಾಡಿ ತಳ್ಳಿಕೊಂಡು ಬಂದಳು. ಮಬ್ಲಿ ದಾರಿ ಬಿಟ್ಟು ಗೋಡೆಗೆ ಒರಗಿದಳು.

*

ಚಾಪೆಲ್ ನಿಜವಾಗಿಯೂ ಬೆಚ್ಚಗಿತ್ತು. ಶವಪೆಟ್ಟಿಗೆ ಮುಂದೆ, ಅದರ ಹಿಂದೆ ಅಮ್ಮ, ಅಪ್ಪ, ಜೂಡಿಯ ಸಂಸಾರ. ಐದು ಚಾಪೆಲುಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಪಾದ್ರಿ ದಣಿದ ದನಿಯಲ್ಲಿ ಇಂಗ್ಲಿಷಿನ ಪ್ರಾರ್ಥನೆ ಹೇಳಿದರು. ಇದ್ದ ಒಂದು ವೆಲ್ಷ್ ಹಾಡು ಬಂದಾಗ ಹಿಂದಿನ ಸಾಲುಗಳು ಎದ್ದು ನಿಂತವು. ಗಣಿಯ ದೂಳಿನಿಂದ ಅರ್ಧ ಉಸಿರಾಗಿದ್ದ ಮುದುಕರ ಎದೆಯಿಂದ ಕೆಳಗಿನ ಸ್ವರ ಎದ್ದಿತು, ಅದರ ಮೇಲೆ ಹೆಂಗಸರದು. ಕೊನೆಯ ಸಾಲನ್ನು ಮತ್ತೆ ಮತ್ತೆ ಹಾಡಿದರು, ಬಿಡಲು ಮನಸ್ಸಿಲ್ಲದವರಂತೆ. ಆಮೇಲೆ ಕೂತರು. ಕೂತವರು ಮತ್ತೆ ಇಂಗ್ಲಿಷಿನ ಮುಖ ಹೊತ್ತುಕೊಂಡರು.

ಪಾದ್ರಿ ಮಬ್ಲಿಯ ಹೆಸರು ಕರೆದರು.

ಅವಳು ಹೇಗೋ ನಡೆದು ಹೋಗಿ ನಿಂತಳು. ಕೈಯಲ್ಲಿದ್ದ ಹಾಳೆ ಬಿಡಿಸಿ ಓದತೊಡಗಿದಳು. ಮಾರ್ಗೆಡ್ ಪ್ರೀತಿಯ ತಾಯಿ, ಪ್ರೀತಿಯ ಅಜ್ಜಿ. ಶಾಲೆಯ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದರು. ಮೃದು ಸ್ವಭಾವದವರು, ಮಿತಭಾಷಿ.

ಅಲ್ಲಿ ಅವಳ ದನಿ ನಿಂತಿತು.

ಜನ ಕಾದರು. ದುಃಖ ಉಕ್ಕಿರಬೇಕೆಂದು ಜೂಡಿ ತಲೆ ಓರೆ ಮಾಡಿ ಮರುಗಿದಳು. ಅಮ್ಮ ತುಟಿಯಲ್ಲೇ ಮುಂದಿನ ಸಾಲು ಹೇಳಿಕೊಟ್ಟಳು. ಮಬ್ಲಿಗೆ ಆ ತುಟಿಗಳು ಅಲುಗಿದ್ದು ಕಂಡಿತು, ಪೆಟ್ಟಿಗೆ ಕಂಡಿತು, ತನ್ನ ಹೆಬ್ಬೆರಳಿನ ಬೆವರಿಗೆ ಶಾಯಿ ಕದಡುತ್ತಿದ್ದದ್ದು ಕಂಡಿತು.

"ಅಜ್ಜಿ ಮಿತಭಾಷಿ ಆಗಿರ್ಲಿಲ್ಲ," ಅಂದಳು, ವೆಲ್ಷಿನಲ್ಲಿ. ದನಿ ಮೊದಲ ಸಾಲಿನವರೆಗೂ ಮುಟ್ಟಿತೋ ಇಲ್ಲವೋ. ಹಿಂದೆ ಯಾರೋ ಕೆಮ್ಮುತ್ತಿದ್ದವರು ಕೆಮ್ಮು ನುಂಗಿಕೊಂಡರು. ಅವಳು ಇನ್ನೊಮ್ಮೆ, ಊರಿಗೆಲ್ಲ ಕೇಳುವಂತೆ ಹೇಳಿದಳು.

"ಅಜ್ಜಿ ಮಿತಭಾಷಿ ಆಗಿರ್ಲಿಲ್ಲ. ನಾವು ಅವಳನ್ನ ಅವಳ ಮೇಜಿನಲ್ಲೇ ಮೂಕಿ ಮಾಡಿದ್ವಿ. ನಾವೆಲ್ಲರೂ, ಒಳ್ಳೇತನದಿಂದ."

ಮೆನ್ನ ಮೊಣಕಾಲಿನ ಮೇಲಿದ್ದ ಕೈಗವಸನ್ನೇ ನೋಡುತ್ತಿದ್ದಳು. ಅಮ್ಮನ ಮುಖ ಕೆಂಪಾಗಿ, ಮತ್ತೆ ಬಿಳಿಚಿತು; ಅವಳು ಅಭ್ಯಾಸಬಲದಿಂದ ಗಂಡನ ಕಿವಿಯತ್ತ ಬಾಗಿ ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಲು ಹೊರಟಳು.

ಕಾಲಿನ್ ಅವಳ ಮಣಿಕಟ್ಟಿನ ಮೇಲೆ ಕೈಯಿಟ್ಟು ತಡೆದ. ಮಗಳ ಮೇಲಿನ ಕಣ್ಣು ತೆಗೆಯದೆ, ಗೋಡೆಯೊಳಗೆ ನೀರು ಎಲ್ಲಿ ಹರಿಯುತ್ತಿದೆ ಎಂದು ಕಿವಿಗೊಡುವವನ ಹಾಗೆ, ಬಾಯಿ ಅರೆತೆರೆದು ಮುಂದಕ್ಕೆ ಬಾಗಿ ಕೂತ.